ಪಟಾಕಿ ತಿರುವು

ಕಪ್ಪೆಯ ಒಂದು ಕಣ್ಣು ಕಿತ್ತುಬಂದು ದಾರದ ತುದಿಯಲ್ಲಿ ನೇತಾಡುತ್ತಿತ್ತು. ಡ್ರೈವರ್ ಅದನ್ನು ಎಡಗೈಯಲ್ಲಿ ಹಣೆಗೆ ಒತ್ತಿಹಿಡಿದು, ಬಲಗೈಯಲ್ಲಿ ಎದೆಯ ಮೇಲಿನ ನಂಬರು ಚೀಟಿಗೆ ಮತ್ತೊಂದು ಪಿನ್ನು ಚುಚ್ಚಿಕೊಂಡ. ಪಿನ್ನು ಅಂಗಿ, ಬನಿಯನ್ನು ಎರಡನ್ನೂ ದಾಟಿ ಒಳಗೆ ತಾಗಿತು. ಸುತ್ತಮುತ್ತ ನೂರಾರು ಕಪ್ಪೆಗಳು ನಿಂತಿದ್ದವು. ಸಣ್ಣ ಕಪ್ಪೆ, ದೊಡ್ಡ ಕಪ್ಪೆ, ಕನ್ನಡಕದ ಕಪ್ಪೆ, ತಳ್ಳುಗಾಡಿಯಲ್ಲಿ ಮಲಗಿ ಹಾಲಿನ ಬಾಟಲಿ ಚೀಪುತ್ತಿದ್ದ ಕಪ್ಪೆ. ಎಲ್ಲರ ಹಸಿರು ಟೋಪಿಯ ಮೇಲೂ ಎರಡೆರಡು ಕಣ್ಣು ನೆಟ್ಟಗೆ ನಿಂತಿದ್ದವು. ಆ ಟೋಪಿಗಳಲ್ಲಿ ಅರ್ಧಕ್ಕರ್ಧ ಅವನ ಹೆಂಡತಿಯೇ ಹೊಲಿದಿದ್ದು. ಅವಳು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಉಳಿದ ಅಸ್ತರಿನ ಬಟ್ಟೆ, ಅದಕ್ಕೆ ಎರಡು ಹೋಳಾದ ಪ್ಲಾಸ್ಟಿಕ್ ಚೆಂಡು. ಗಂಡನದನ್ನು ಮಾತ್ರ ಎಲ್ಲ ಮುಗಿದ ಮೇಲೆ, ಮಿಕ್ಕ ತುಂಡಿನಲ್ಲಿ, ಕಣ್ಣು ಮುಚ್ಚಿಕೊಂಡೇ ಹೊಲಿದಿದ್ದಳೆಂದು ಕಾಣುತ್ತದೆ.

"ಎಷ್ಟು ದೂರ ಹೀಗೇ ಹಿಡ್ಕೊಂಡು ಓಡ್ತೀಯ ಗುರುವೇ?" ಎಂದ ಹಗ್ಗದ ಆಚೆ ನಿಂತಿದ್ದ ಕಂಡಕ್ಟರ್. "ದಾರಿಯುದ್ದಕ್ಕೂ ಸಲ್ಯೂಟ್ ಹೊಡೀತಾ ಇದಾನೆ ಅಂದ್ಕೊಳ್ತಾರೆ ಜನ."

ಅವನನ್ನು ಡಿಪೋದಲ್ಲಿ ಎಲ್ಲರೂ ಚಿಲ್ಲರೆ ಎನ್ನುತ್ತಿದ್ದರು. ಪ್ರಯಾಣಿಕ ಬಾಯಿ ತೆರೆಯುವ ಮೊದಲೇ "ಚಿಲ್ಲರೆ ಇಲ್ಲ" ಎಂದುಬಿಡುವುದು ಅವನ ವಾಡಿಕೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಎಷ್ಟೋ ವರ್ಷದಿಂದ ಹೆಣಗುತ್ತಿರುವವರು.

"ನಿಂಗೆ ರಜಾ ದಿನ ಬೇರೆ ಕೆಲ್ಸ ಇಲ್ವಾ?"

"ಇತ್ತು, ಬಿಟ್ಟು ಬಂದೆ. ನೀನು ಸೀಟಿಂದ ಎದ್ದು ಓಡ್ದೆ ಅಂದ್ರೆ ಡಿಪೋದಲ್ಲಿ ಯಾರೂ ನಂಬಲ್ಲ. ಒಬ್ಬ ಸಾಕ್ಷಿ ಬೇಕು."

ಡ್ರೈವರ್ ಮುಂದಕ್ಕೆ ನೋಡಿದ. ಮಗಳು ನಾಲ್ಕಾರು ಸಾಲು ಮುಂದೆ ಗೆಳತಿಯರ ಜೊತೆ ನಿಂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ತಿಂಗಳಿನಿಂದ ಅವನಿಗೆ ಮಗಳ ಬೆನ್ನೇ ಹೆಚ್ಚು ಪರಿಚಯ.

ಅವಳು ಅವನ ಬಸ್ಸು ಹತ್ತುವುದನ್ನು ಬಿಟ್ಟಿದ್ದಳು. ಹೀಗೆಂದರೆ ಬೇರೆಯವರಿಗೆ ಅರ್ಥವಾಗುವುದಿಲ್ಲ. ನಡೆಯಲು ಕಲಿತಾಗಿನಿಂದ ಅವಳು ಬೆಳೆದಿದ್ದೇ ಆ ಬಸ್ಸಿನಲ್ಲಿ. ಹೆಂಡತಿಯ ಕೆಲಸ ಮುಗಿಯುವುದು ತಡವಾದ್ದರಿಂದ ಮಗುವನ್ನು ಸಂಜೆಯ ಟ್ರಿಪ್ಪಿನಲ್ಲಿ ಡ್ರೈವರ್ ಸೀಟಿನ ಹಿಂದಿನ ಮೊದಲ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ಹುಟ್ಟಿದಾಗ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಅವಳು ಅತ್ತದ್ದು ಕೆಳಗಿನ ನಿಲ್ದಾಣದವರೆಗೂ ಕೇಳಿಸಿತ್ತಂತೆ. ಆವತ್ತಿನಿಂದ ಅವಳ ಹೆಸರು ಹಾರ್ನು. ಅಪ್ಪ ಅಮ್ಮ ಎನ್ನುವುದರ ಜೊತೆಜೊತೆಗೇ ಬಸ್ಸು ನಿಲ್ಲಿಸುವ "ಹೋಲ್ಡಾನ್", ಹೊರಡಿಸುವ "ರೈಟ್ ರೈಟ್" ಕಲಿತವಳು. ಅವಳು ರೈಟ್ ಅನ್ನದೆ ಅಪ್ಪ ಗೇರು ಹಾಕುವಂತಿರಲಿಲ್ಲ. ಶಾಲೆಗೆ ಸೇರಿದ ಮೇಲೂ ಶಾಲೆಯ ಮುಂದಿನ ನಿಲ್ದಾಣದಲ್ಲಿ ಹತ್ತಿ, ಅದೇ ಸೀಟಿನಲ್ಲಿ ಕೂತು, ಅವನ ಕತ್ತಿನ ಹಿಂದೆ ದಿನದ ಸುದ್ದಿಯನ್ನೆಲ್ಲ ಸುರಿಯುತ್ತ ಮನೆ ತಲುಪುತ್ತಿದ್ದಳು.

ಈಗ ಮಾರುಕಟ್ಟೆಯ ಕಡೆಯಿಂದ ಸುತ್ತಿಕೊಂಡು ಹೋಗುವ ಬೇರೆ ಬಸ್ಸು. ನಡುವೆ ಇಳಿದು ಇನ್ನೊಂದು ಹಿಡಿಯಬೇಕು. ಮನೆ ತಲುಪುವಾಗ ಬೀದಿದೀಪ ಹೊತ್ತಿರುತ್ತದೆ. ಯಾಕೆಂದು ಕೇಳಿದರೆ, "ಸುಮ್ನೆ."

ಸುಮ್ನೆ ಎಂಬ ಮಾತಿಗೆ ಹಿಡಿ ಇಲ್ಲ. ಬಾಗಿಲಾದರೆ ತಟ್ಟಬಹುದು, ಬೀಗವಾದರೆ ಕೀಲಿ ಹುಡುಕಬಹುದು. ಸುಮ್ನೆಯನ್ನು ಏನು ಮಾಡುವುದು? ಎಂಜಿನ್ನಿನಲ್ಲಿ ಹೊಸ ಸದ್ದೊಂದು ಕೇಳಿದರೆ ಅದನ್ನು ಮೆಕ್ಯಾನಿಕ್ಕನ ತಲೆಗೆ ಕಟ್ಟಿ ಮನೆಗೆ ಹೋಗುವ ಜಾತಿಯವನಲ್ಲ ಅವನು. ತಾನೇ ಅಡಿಗೆ ನುಗ್ಗಿ, ಕಿವಿಯಿಟ್ಟು, ಯಾವ ನಟ್ಟು ಸಡಿಲಾಗಿದೆ ಎಂದು ಹುಡುಕಿದ ಮೇಲೆಯೇ ಕೈ ತೊಳೆಯುವುದು. ಮಗಳ ವಿಷಯದಲ್ಲೂ ಹಾಗೇ ಸುತ್ತಲೂ ಕಿವಿಯಿಟ್ಟು ನೋಡಿದ್ದ.

"ಹದಿಮೂರು ತುಂಬ್ತು. ಅಪ್ಪನ ಬೆನ್ನ ಹಿಂದೆ ಕೂರೋಕೆ ನಾಚಿಕೆ ಇರ್ಬೋದು. ಬಿಡು ಅತ್ಲಾಗೆ," ಎಂದಿದ್ದಳು ಹೆಂಡತಿ, ಬಾಯಲ್ಲಿ ಸೂಜಿ ಕಚ್ಚಿಕೊಂಡು.

"ಆ ಬಸ್ಸಲ್ಲಿ ಯಾವನೋ ಇರ್ಬೇಕು," ಎಂದಿದ್ದ ಚಿಲ್ಲರೆ. ಅದೂ ಮನಸ್ಸಿಗೆ ಕೊರೆದು, ಆ ಬಸ್ಸಿನ ಡ್ರೈವರನ್ನು ಕ್ಯಾಂಟೀನಿನಲ್ಲಿ ಹಿಡಿದು ವಿಚಾರಿಸಿದ. "ನಿನ್ನ ಮಗಳಾ? ಒಬ್ಳೇ ಕೂತಿರ್ತಾಳಪ್ಪ. ಕಿಟಕಿ ಕಡೆ ತಿರುಗಿ. ಇದ್ದಾಳೋ ಇಳಿದ್ಲೋ ಗೊತ್ತಾಗಲ್ಲ" ಎಂದ ಅವನು. ಹಾರ್ನು ಎಂದು ಹೆಸರಿಟ್ಟ ಮಗಳ ಬಗ್ಗೆ ಈ ಮಾತು.

ಹೀಗಿರುವಾಗ ಒಂದು ದಿನ ಊಟದ ತಟ್ಟೆಯ ಮುಂದೆ, ತಲೆ ಎತ್ತದೆ, ಅವಳೇ ಮಾತು ತೆಗೆದಳು. ಶಾಲೆಯವರು ಒಂದು ಓಟ ಇಟ್ಟಿದ್ದಾರೆ. ಗೆಲ್ಲುವ ಓಟ ಅಲ್ಲ, ಸುಮ್ಮನೆ ಎಲ್ಲರೂ ಸೇರಿ ಓಡುವುದು. ಮನೆಯಿಂದ ಒಬ್ಬರು ಜೊತೆಗೆ ಬರಬೇಕು. "ಅಮ್ಮಂಗೆ ಕೆಲ್ಸ ಇದ್ಯಂತೆ," ಎಂದು ಸ್ವಲ್ಪ ಹೊತ್ತು ಅನ್ನ ಕಲೆಸಿದಳು. "ನೀನು ಬರ್ತೀಯಾ?"

ಎಲ್ಲಿಗೆ ಎಂದು ಕೇಳುವ ಮೊದಲೇ ಅವನು ಬರ್ತೀನಿ ಎಂದಾಗಿತ್ತು. ಆಮೇಲೆ ಕೇಳಿದ, "ಯಾತಕ್ಕೆ ಓಟ?"

"ಕಪ್ಪೆಗಳಿಗೆ ದಾರಿ ಮಾಡೋದಕ್ಕೆ. ರಸ್ತೆ ಅಡಿಯಿಂದ ಒಂದು ಸಣ್ಣ ಸುರಂಗ ತೋಡ್ತಾರೆ. ಅದಕ್ಕೆ ದೇಣಿಗೆ ಎತ್ತಕ್ಕೆ."

"ಕಪ್ಪೆಗೆ ದಾರಿ ಯಾಕೆ? ಅದೇನು ಟಿಕೆಟ್ ತಗೊಂಡು ಹೋಗುತ್ತಾ? ಎಲ್ಲಿ ಬೇಕಾದ್ರೂ ಕುಪ್ಪಳಿಸ್ಕೊಂಡು ಹೋಗುತ್ತೆ."

ಮಗಳು ತಲೆಯೆತ್ತಿ ಅವನನ್ನೇ ನೋಡಿದಳು. ಇಡೀ ತಿಂಗಳಲ್ಲಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು. ಹೆದರಿ ಅಲ್ಲ, ಕೋಪದಿಂದಲೂ ಅಲ್ಲ. ಏನನ್ನೋ ಅಳೆಯುವವಳ ಹಾಗೆ. "ಬಾ, ಗೊತ್ತಾಗುತ್ತೆ," ಎಂದು ಎದ್ದು ಕೈ ತೊಳೆದಳು.

ಸೀಟಿ ಊದಿದರು. ಕಪ್ಪೆಗಳೆಲ್ಲ ಒಮ್ಮೆಗೇ ಕದಲಿದವು.

ಮೊದಲ ನೂರು ಹೆಜ್ಜೆಯಲ್ಲೇ ಡ್ರೈವರಿಗೆ ತನ್ನ ಕಾಲುಗಳ ಬಗ್ಗೆ ಒಂದು ವಿಷಯ ತಿಳಿಯಿತು. ಅವು ಜೊತೆಯಾಗಿ ಕೆಲಸ ಮಾಡುವುದನ್ನು ಮರೆತಿದ್ದವು. ಎಡಗಾಲಿಗೆ ಗೊತ್ತಿದ್ದದ್ದು ಕ್ಲಚ್ಚು, ಬಲಗಾಲಿಗೆ ಬ್ರೇಕು. ಒಂದು ಒತ್ತಿದರೆ ಇನ್ನೊಂದು ಕಾಯುತ್ತಿತ್ತು. ಹೊಟ್ಟೆ ಬೇರೆ ತನ್ನದೇ ಲಯದಲ್ಲಿ, ಅರ್ಧ ಹೆಜ್ಜೆ ತಡವಾಗಿ, ಹಿಂದೆ ಬರುತ್ತಿತ್ತು. ತಳ್ಳುಗಾಡಿಯ ಮಗುವಿನ ತಾಯಿ "ಸ್ವಲ್ಪ ಸೈಡ್ ಕೊಡಿ" ಎಂದು ಅವನನ್ನು ದಾಟಿದಳು. ಅವನ ಬಲಗೈ ತಾನಾಗಿ ಹೊರಗೆ ಚಾಚಿ, ಮುಂದೆ ಹೋಗಿ ಎಂದು ಬೀಸಿತು. ಮಗು ತಿರುಗಿ ಅವನು ಒತ್ತಿಹಿಡಿದ ಕಣ್ಣನ್ನು ಬಹಳ ಆಸಕ್ತಿಯಿಂದ ನೋಡುತ್ತ ದೂರವಾಯಿತು.

ಶಾಲೆಯ ಗೋಡೆ ಮುಗಿದು ಎಡಕ್ಕೆ ತಿರುಗಿದಾಗ ಅವನಿಗೆ ನಗು ಬಂತು. ಇದು ತನ್ನದೇ ರಸ್ತೆ. ಕೊಳದ ಪಕ್ಕದ ರಸ್ತೆ, ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತಾನೋ ಲೆಕ್ಕವಿಲ್ಲ. ಇವತ್ತು ಬೆಳಿಗ್ಗೆ ಇಲ್ಲಿ ವಾಹನ ಬಿಡುವುದಿಲ್ಲ ಎಂದು ಡಿಪೋದಲ್ಲಿ ಹೇಳಿದ್ದರು. ಆದರೆ ತಾನು ಓಡುವುದೂ ಇದೇ ರಸ್ತೆಯಲ್ಲಿ ಎಂದು ಹೊಳೆದಿರಲಿಲ್ಲ.

ಹೊಳೆದಿದ್ದರೂ ಗುರುತು ಸಿಗುತ್ತಿರಲಿಲ್ಲವೇನೋ. ಅವನಿಗೆ ಗೊತ್ತಿದ್ದ ರಸ್ತೆಯಲ್ಲಿ ಇಲ್ಲಿ ಏರು ಇರಲಿಲ್ಲ. ನಾಲ್ಕನೇ ಗೇರಿನಲ್ಲಿ ಸಲೀಸಾಗಿ ಹೋಗುವ ಜಾಗ. ಈಗ ನೋಡಿದರೆ ಎದೆ ಉಬ್ಬಸ ಹಿಡಿಯುವಷ್ಟು ಏರು. ಸೀಟಿನ ಎತ್ತರದಿಂದ ಅವನು ಈ ಮನೆಗಳ ಹಿತ್ತಿಲನ್ನು, ಒಣಹಾಕಿದ ಬಟ್ಟೆಯನ್ನು, ಮಹಡಿಯ ಮೇಲೆ ಕನ್ನಡಿ ನೋಡಿಕೊಂಡು ಗಡ್ಡ ಹೆರೆಯುವ ಮುದುಕನನ್ನು ಬಲ್ಲ. ನೆಲದಿಂದ ಅದೆಲ್ಲ ಮಾಯ, ಬರೀ ಗೋಡೆ. ಗೋಡೆಯ ಬುಡದಲ್ಲಿ ಪಾಚಿ, ಪಾಚಿಯಲ್ಲಿ ಬಸವನಹುಳ ಹರಿದುಹೋದ ಬೆಳ್ಳಿಯ ಗೆರೆ. ದಿನಾ ಬಿಳೀ ಮಿಂಚಿನಂತೆ ಹಿಂದೆ ಸರಿಯುತ್ತಿದ್ದ ಕಲ್ಲು, ನಿಂತು ನೋಡಿದರೆ, ಯಾವುದೋ ಕಾಲದ ಕುದುರೆಗಾಡಿಗೆ ದೂರ ತೋರಿಸುವ ಕಲ್ಲು. ಅದರ ಮೇಲೆ ಯಾರೋ ಕೆತ್ತಿದ ಬೆರಳು ಬೇರೆ ಇತ್ತು, ಈಗ ಯಾವ ಊರೂ ಇಲ್ಲದ ಕಡೆಗೆ ಚಾಚಿಕೊಂಡು. ಅವನು ನಿಜವಾಗಿಯೂ ನಿಂತ. ಹಿಂದಿನವರು ಅವನನ್ನು ಸುತ್ತುಹಾಕಿ ಹೋದರು.

"ಯಾಕೆ ನಿಂತೆ?" ಮಗಳು ಹಿಂದಕ್ಕೆ ಬಂದಿದ್ದಳು. ಗೆಳತಿಯರು ಮುಂದೆ ಹೋಗಿಬಿಟ್ಟಿದ್ದರು.

"ಈ ಕಲ್ಲಿಗೆ ಬೆರಳಿದೆ, ನೋಡು. ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ."

"ಹೂಂ." ಅವಳು ನೋಡಿದಳು. "ಉಸಿರು ಸಿಗ್ತಿದ್ಯಾ?"

"ಎಂಜಿನ್ನು ಹಳೇದು. ಬಿಸಿ ಆದ್ರೆ ಸರಿಹೋಗುತ್ತೆ."

ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು. ಇಬ್ಬರೂ ಜೊತೆಯಾಗಿ, ಓಟವೂ ಅಲ್ಲದ ನಡಿಗೆಯೂ ಅಲ್ಲದ ಒಂದು ವೇಗದಲ್ಲಿ, ಮುಂದುವರಿದರು. ಬಲಗಡೆ ಕೊಳ ತೆರೆದುಕೊಂಡಿತು. ನೀರಿನ ಮೇಲೆ ಹಸಿರು ಎಲೆಗಳು, ಬಿಸಿಲಿಗೆ ಬೆಚ್ಚಗಾದ ಕೆಸರಿನ ವಾಸನೆ. ಬಸ್ಸಿನಲ್ಲಿ ಈ ವಾಸನೆಗೆ ಡೀಸೆಲ್ ದಾಟಿಕೊಂಡು ಬರಲು ಎಂದೂ ಆಗಿರಲಿಲ್ಲ. ಎಡಗಡೆ ಇಳಿಜಾರು, ಮರಗಳು, ಆಚೆಗೆ ಹುಲ್ಲು ಬೆಳೆದ ಬಯಲು. ಮಗಳು ತನ್ನ ಹೆಜ್ಜೆಯನ್ನು ಅವನ ಹೆಜ್ಜೆಗೆ ಹೊಂದಿಸಿಕೊಂಡಿರುವುದು ಅವನ ಗಮನಕ್ಕೆ ಬಂತು. ಇನ್ನೇನು ಕೇಳಬಹುದು, ಹಳೆಯ ಸಲಿಗೆಯಲ್ಲಿ ಒಂದು ಮಾತಾಡಿದರೆ ಸಾಕು, ಮಿಕ್ಕಿದ್ದು ತಾನಾಗಿ ಬರುತ್ತದೆ ಎನ್ನಿಸಿತು.

"ಇನ್ನೇನು ಬಂತು ನೋಡು," ಎಂದ. "ನಮ್ಮ ಪಟಾಕಿ ತಿರುವು."

ಮಗಳ ಹೆಜ್ಜೆ ತಪ್ಪಿತು.

ಆ ಹೆಸರು ಡಿಪೋದವರದು. ಮಳೆಗಾಲದ ಮೊದಲ ಸಂಜೆಗಳಲ್ಲಿ ಅಲ್ಲಿ ಚಕ್ರದ ಕೆಳಗೆ ಟಪ್, ಟಪಟಪ್ ಎಂದು ಸಿಡಿಯುತ್ತಿತ್ತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದಲ್ಲಿ ಕೂತು ದಾರಿ ಕಲಿಸಿದ ಹಿರಿಯ ಡ್ರೈವರ್ ಹೇಳಿದ್ದರು: "ಮರದ ಕಾಯಿ ಕಣಯ್ಯಾ. ಮಳೆ ಬಿದ್ರೆ ಉದುರ್ತವೆ. ಸದ್ದಿಗೆ ಹೆದರಿ ಬ್ರೇಕ್ ಒತ್ತೀಯಾ, ಜಾರುತ್ತೆ." ಅವನು ಅದನ್ನೇ ತನಗಿಂತ ಹೊಸಬರಿಗೆ ಹೇಳಿಕೊಟ್ಟಿದ್ದ. ಮಗಳಿಗೂ ಹೇಳಿದ್ದ. ಆ ತಿರುವು ಬರುವ ಮೊದಲೇ ಅವಳು ಸೀಟಿನ ಅಂಚಿಗೆ ಬಂದು, ಮುಂದಿನ ಕಂಬಿ ಹಿಡಿದು, ಕಿವಿ ನಿಮಿರಿಸಿ ಕೂರುತ್ತಿದ್ದಳು. ಮೊದಲ ಟಪ್ ಕೇಳಿದ್ದೇ ಚಪ್ಪಾಳೆ. "ಇನ್ನೊಂದು ಅಪ್ಪ, ಇನ್ನೊಂದು." ಸದ್ದು ಕಡಿಮೆಯಾದ ದಿನ ಮಗಳ ಮುಖ ಬಾಡುತ್ತದೆಂದು ಅವನು ಸ್ವಲ್ಪ ಅಂಚಿಗೆ, ಕಾಯಿ ಹೆಚ್ಚು ಬಿದ್ದಿರಬಹುದಾದ ಮರದ ಕಡೆಗೆ, ಬಸ್ಸು ತೆಗೆದುಕೊಂಡದ್ದೂ ಉಂಟು.

"ಇವತ್ತು ಒಂದು ಕಾಯಿ ಹುಡುಕ್ಲೇಬೇಕು," ಎಂದ ಅವನು. "ಇಷ್ಟು ವರ್ಷ ಸದ್ದು ಕೇಳಿದ್ದೇ ಬಂತು. ಹೇಗಿರುತ್ತೆ ಅಂತ ಒಂದಿನಾನೂ ನೋಡಿಲ್ಲ."

ತಿರುವಿನಲ್ಲಿ ಜನ ನಿಧಾನವಾಗಿದ್ದರು. ಓಟ ಅಲ್ಲಿ ಕುಂಟಾಬಿಲ್ಲೆಯಾಗಿತ್ತು. ರಸ್ತೆಯ ತುಂಬ ಮಕ್ಕಳು ಸೀಮೆಸುಣ್ಣದಲ್ಲಿ ಸಣ್ಣ ಸಣ್ಣ ಆಕಾರ ಬರೆದಿದ್ದರು. ಅಂಗೈಯಗಲದವು, ಹೆಬ್ಬೆರಳಷ್ಟರವು, ಕೈಕಾಲು ಚಾಚಿದ್ದು, ಮುದುಡಿದ್ದು. ಈ ಅಂಚಿನಿಂದ ಆ ಅಂಚಿನವರೆಗೆ ಕಾಲಿಡಲು ಜಾಗವಿಲ್ಲದಷ್ಟು. ಓಡುವವರು ಅವನ್ನು ತುಳಿಯದಂತೆ ಹಾರಿ, ವಾಲಿ, ಒಂಟಿಕಾಲಿನಲ್ಲಿ ದಾಟುತ್ತಿದ್ದರು. ನಗುತ್ತಿದ್ದರು. ಡ್ರೈವರ್ ಅದನ್ನೊಂದು ಆಟವೆಂದುಕೊಂಡು, ಎಡಗಡೆಯ ಮರಗಳ ಬುಡಕ್ಕೆ ಇಳಿದ.

ಒಣಗಿದ ಎಲೆ ಕಾಲಲ್ಲಿ ಸರಿಸಿದ. ಕಡ್ಡಿ ಇತ್ತು, ತೊಗಟೆ ಇತ್ತು, ಹತ್ತಿಯಂಥ ಬಿಳಿಯ ಎಳೆ ಅಲ್ಲಲ್ಲಿ ಅಂಟಿಕೊಂಡಿತ್ತು. ಕಾಯಿ ಇರಲಿಲ್ಲ. ಮೇಲೆ ನೋಡಿದ. ಇನ್ನೊಂದು ಮರದ ಬುಡಕ್ಕೆ ಹೋದ. ಅಲ್ಲಿ ಮೇಜಿನ ಮೇಲೆ ನೀರಿನ ಕಾಗದದ ಲೋಟಗಳನ್ನು ಜೋಡಿಸಿಕೊಂಡು ಮಗಳ ವಿಜ್ಞಾನದ ಟೀಚರ್ ನಿಂತಿದ್ದರು. ಅವರ ಟೋಪಿಯ ಕಣ್ಣಿಗೆ ರೆಪ್ಪೆಯೂ ಇತ್ತು.

"ಏನಾದ್ರೂ ಬಿತ್ತಾ?" ಎಂದರು.

"ಇಲ್ಲ ಟೀಚರ್. ಈ ಮರದ ಕಾಯಿ ಹುಡುಕ್ತಿದೀನಿ. ಮಳೆಗಾಲದಲ್ಲಿ ಬೀಳುತ್ತಲ್ಲ."

"ಇದಕ್ಕೆ ಕಾಯಿ ಬೀಳಲ್ವಲ್ಲ. ಬೀಜ ಹತ್ತಿ ಥರ ಹಾರಿ ಹೋಗುತ್ತೆ, ಇದೋ ಇದೇ." ಅವರು ಬಿಳಿಯ ಎಳೆಯೊಂದನ್ನು ಎತ್ತಿ ಊದಿದರು. ಅದು ಸದ್ದಿಲ್ಲದೆ ಹೋಯಿತು.

"ಅಲ್ಲ, ಚಕ್ರಕ್ಕೆ ಸಿಕ್ಕಿದ್ರೆ ಸಿಡಿಯುತ್ತೆ. ಗಟ್ಟಿ ಕಾಯಿ ಇರ್ಬೇಕು. ಟಪ್ ಅಂತ..."

ರಸ್ತೆಯಲ್ಲಿ ಯಾರೋ ನೀರು ಕುಡಿದು ಕೆಳಗಿಟ್ಟಿದ್ದ ಲೋಟದ ಮೇಲೆ ಹಸಿರು ಟೋಪಿಯ ಒಂದು ಸಣ್ಣ ಕಪ್ಪೆ, ಎರಡೂ ಕಾಲು ಜೋಡಿಸಿ, ಹಾರಿ ಕುಪ್ಪಳಿಸಿತು. ಟಪ್. ಸುತ್ತಲಿನ ಮಕ್ಕಳು ನಕ್ಕರು. ಟೀಚರ್ ಅವನ ಮುಖವನ್ನೇ ನೋಡುತ್ತಿದ್ದವರು, ಲೋಟಗಳನ್ನು ಸರಿಪಡಿಸತೊಡಗಿದರು.

ಅವನು ರಸ್ತೆಗೆ ಹತ್ತಿದ. ಸುಣ್ಣದ ಗೆರೆಗಳನ್ನು ಈಗ ನೋಡಿದ. ಕಳೆದ ಮಳೆಗಾಲದಲ್ಲಿ ಸತ್ತ ಕಪ್ಪೆಗಳು ಎಲ್ಲೆಲ್ಲಿ ಸಿಕ್ಕವೋ ಅಲ್ಲಲ್ಲೇ ಬರೆದಿದ್ದಾರೆಂದು ಪಕ್ಕದ ಹಲಗೆ ಹೇಳುತ್ತಿತ್ತು. ಮಳೆ ಬಿದ್ದ ಸಂಜೆ ಬಯಲಿನಿಂದ ಕೊಳಕ್ಕೆ, ಮೊಟ್ಟೆಯಿಡಲು ಹೊರಟವು. ಎಡಚಕ್ರದ ಜಾಡು, ಬಲಚಕ್ರದ ಜಾಡು ಅವನಿಗೆ ಬರೆಯದೆಯೂ ಕಾಣುತ್ತದೆ. ಗೆರೆಗಳು ಎರಡು ಪಟ್ಟೆಗಳಾಗಿ ಆ ಜಾಡಿನಲ್ಲೇ ಒತ್ತೊತ್ತಾಗಿದ್ದವು. ಮರದ ಕಡೆಯ ಅಂಚಿನಲ್ಲಿ ಇನ್ನಷ್ಟು. ಹಣೆಗೆ ಒತ್ತಿಹಿಡಿದಿದ್ದ ಕೈ ಯಾವಾಗಲೋ ಇಳಿದಿತ್ತು. ಕಣ್ಣು ಕಿತ್ತು ಬಿದ್ದು, ಪುಟಿದು, ಗೆರೆಗಳ ನಡುವೆ ಉರುಳಿಹೋಯಿತು.

ಮಗಳು ಹೋಗಿ ಅದನ್ನು ಎತ್ತಿಕೊಂಡಳು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಅವನೂ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತ.

"ಟೀಚರ್ ಕ್ಲಾಸಲ್ಲಿ ಇವುಗಳ ಫೋಟೋ ತೋರ್ಸಿದ್ರು," ಎಂದಳು. "ಯಾವ ಜಾಗ ಅಂತ ಕೇಳಿದ್ರು. ನಾನೇ ಮೊದ್ಲು ಕೈಯೆತ್ತಿದ್ದು. ಪಟಾಕಿ ತಿರುವು ಅಂದೆ. ಎಲ್ಲರೂ ಯಾಕೆ ಪಟಾಕಿ ಅಂದ್ರು. ಹೇಳೋದಕ್ಕೆ ಬಾಯಿ ತೆಗ್ದೆ..." ಚೆಂಡಿನ ಹೋಳನ್ನು ಅಂಗೈಯಲ್ಲಿ ತಿರುಗಿಸಿದಳು. "ಆಗ ಗೊತ್ತಾಯ್ತು."

ಓಡುವವರು ಇಬ್ಬರನ್ನೂ ಸುತ್ತಿಕೊಂಡು ಹೋಗುತ್ತಿದ್ದರು.

"ನಾನು ಚಪ್ಪಾಳೆ ತಟ್ತಿದ್ದೆ ಅಪ್ಪ."

ಅವನಿಗೆ ಹೇಳಬೇಕೆನ್ನಿಸಿದ್ದು ಬಹಳವಿತ್ತು. ನೀನು ಮಗು, ನಿನಗೇನು ಗೊತ್ತಿತ್ತು ಎಂದು. ಆದರೆ ಅವಳು ಇನ್ನೂ ಮುಗಿಸಿಲ್ಲವೆಂದು ಕಂಡಿತು. ಅವಳು ಈಗ ನೇರವಾಗಿ, ಊಟದ ತಟ್ಟೆಯ ಮುಂದೆ ನೋಡಿದ್ದಳಲ್ಲ ಹಾಗೆ, ಅವನನ್ನು ನೋಡುತ್ತಿದ್ದಳು. ಒಂದು ತಿಂಗಳು ಸುಮ್ನೆ ಎಂಬ ಮಾತಿನ ಹಿಂದೆ ಕೂತಿದ್ದದ್ದು ಇದೇ ಎಂದು, ಅವಳು ಬಾಯಿ ತೆರೆಯುವ ಮೊದಲೇ ಅವನಿಗೆ ತಿಳಿದುಹೋಯಿತು.

"ನಿಂಗೆ ಗೊತ್ತಿತ್ತಾ?"

"ಇಲ್ಲ," ಎಂದ ತಕ್ಷಣ. ಅದು ನಿಜವೇ ಆಗಿತ್ತು. ಆದರೆ ಬಾಯಿಂದ ಹೊರಬಿದ್ದ ಮೇಲೆ ಅದು ಪೂರ್ತಿಯಾಗಿ ಕೇಳಿಸಲಿಲ್ಲ. ಸದ್ದು ಕೇಳಿದರೆ ಬಸ್ಸಿನಡಿಗೆ ನುಗ್ಗುವವನು ತಾನು. ಇಷ್ಟು ವರ್ಷ, ಪ್ರತಿ ಮಳೆಗಾಲ, ಇದೊಂದು ಸದ್ದಿಗೆ ಯಾಕೆ ಇಳಿಯಲಿಲ್ಲ? ಯಾರೋ ಹೆಸರಿಟ್ಟಿದ್ದರು, ಅದು ಸಾಕಾಗಿತ್ತು. ಆ ಹಿರಿಯರಿಗೆ ಗೊತ್ತಿತ್ತೋ, ಅವರಿಗೂ ಇನ್ಯಾರೋ ಹಾಗೇ ಹೇಳಿಕೊಟ್ಟಿದ್ದರೋ. ಕೇಳೋಣವೆಂದರೆ ಅವರಿಲ್ಲ.

"ಇಳಿದು ನೋಡ್ಲಿಲ್ಲ," ಎಂದ. "ಒಂದ್ಸಲ ಇಳಿದಿದ್ರೆ ಗೊತ್ತಾಗ್ತಿತ್ತು. ಇಳೀಲಿಲ್ಲ."

ಮಗಳು ಸರಿ ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಎದ್ದು, ಸುಣ್ಣ ಹತ್ತಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಒಂದೂ ಗೆರೆ ತುಳಿಯದೆ ತಿರುವು ದಾಟಿ, ಆಮೇಲೆ ಜೋರಾಗಿ ಓಡಿಹೋದಳು. ಅವನು ಮಿಕ್ಕ ದಾರಿಯನ್ನು ನಡೆದುಕೊಂಡೇ ಮುಗಿಸಿದ. ಕೊನೆಯ ಹಗ್ಗದ ಬಳಿ ಚಿಲ್ಲರೆ ಒಂದು ಬಾಳೆಹಣ್ಣು ಸುಲಿದು ತಿನ್ನುತ್ತಿದ್ದ, ಅದು ಓಡಿದವರಿಗೆಂದು ಇಟ್ಟದ್ದು.

"ಒಕ್ಕಣ್ಣ ಬಂದ," ಎಂದವನು, ಹತ್ತಿರ ಬಂದ ಮುಖ ನೋಡಿ ತಮಾಷೆ ನಿಲ್ಲಿಸಿ, ಇನ್ನೊಂದು ಹಣ್ಣು ಕೊಟ್ಟ.

ಮಧ್ಯಾಹ್ನ ಹೆಂಡತಿ ಕಿತ್ತ ಕಣ್ಣನ್ನು ಟೋಪಿಗೆ ಮತ್ತೆ ಹೊಲಿಯುತ್ತ ಕೇಳಿದಳು, "ಹೇಳಿದ್ಲಾ, ಯಾಕೆ ಅಂತ?"

"ಹೂಂ."

"ಯಾಕಂತೆ?"

ಅವನು ಕಿಟಕಿಯ ಕಡೆ ನೋಡಿದ. "ಸುಮ್ನೆ," ಎಂದ. ಹೆಂಡತಿ ದಾರ ಕಚ್ಚಿ ತುಂಡುಮಾಡಿ, ಅಪ್ಪನನ್ನೂ ಒಳಗಿನ ಕೋಣೆಯಲ್ಲಿದ್ದ ಮಗಳನ್ನೂ ಒಟ್ಟಿಗೆ ಬೈಯುವ ಹಾಗೆ ಒಂದು ಉಸಿರು ಬಿಟ್ಟಳು.

ಡಿಪೋದಲ್ಲಿ ಅವನು ಪಟಾಕಿಯ ನಿಜ ಹೇಳಿದ. ಕ್ಯಾಂಟೀನಿನ ಮೇಜಿನ ಸುತ್ತ ಒಂದು ಕ್ಷಣ ಯಾರೂ ಲೋಟ ಎತ್ತಲಿಲ್ಲ. ಆಮೇಲೆ ಒಬ್ಬ, "ಸರಿ, ಈಗೇನು ಬಸ್ಸಿಗೆ ರೆಕ್ಕೆ ಕಟ್ಟೋಣ್ವಾ?" ಎಂದ. ನಗು ಬಂತು, ಮಾತು ಬೇರೆ ಕಡೆ ಹೋಯಿತು. ಸುರಂಗ ತೋಡುವುದಕ್ಕೆ ಇನ್ನೂ ಎಷ್ಟೋ ಓಟ ಓಡಬೇಕಂತೆ. ಆದರೆ ಒಂದನ್ನು ಅವನು ಗಮನಿಸಿದ. ಆ ವಾರ ಹೊಸಬನೊಬ್ಬನಿಗೆ ದಾರಿ ಹೇಳಿಕೊಡುತ್ತಿದ್ದ ಇನ್ನೊಬ್ಬ ಡ್ರೈವರು, "ಶಾಲೆ ಗೋಡೆ ಮುಗಿದ್ಮೇಲೆ ಎಡಕ್ಕೆ, ಆಮೇಲೆ ಕೊಳ, ಆಮೇಲೆ..." ಎನ್ನುವಲ್ಲಿಗೆ ಬಂದು, ಹೆಸರು ಹೇಳದೆ, "ಆಮೇಲೊಂದು ತಿರುವು" ಎಂದು ಮುಂದಕ್ಕೆ ಹೋದ.

ಮಗಳು ಮಾರುಕಟ್ಟೆಯ ಬಸ್ಸಿನಲ್ಲೇ ಹೋಗುತ್ತಿದ್ದಳು. ಶಾಲೆಯ ನಿಲ್ದಾಣದಲ್ಲಿ ಅವನು ಎಂದಿನಂತೆ ಬಾಗಿಲು ತೆರೆದು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದ. ಚಿಲ್ಲರೆ ತಲೆ ಹೊರಹಾಕಿ ಒಮ್ಮೆ ನೋಡಿ, ಸೀಟಿ ಊದುತ್ತಿದ್ದ.

ಮೊದಲ ಮಳೆ ಒಂದು ಸಂಜೆ ಹೇಳದೆ ಕೇಳದೆ ಬಂತು. ಶಾಲೆಯ ನಿಲ್ದಾಣದಲ್ಲಿ ತಲೆಯ ಮೇಲೆ ಚೀಲ ಹಿಡಿದ ಜನ ನುಗ್ಗಿದರು. ಕೊನೆಯಲ್ಲಿ, ಒದ್ದೆಯಾಗಿ, ಅವಳು ಹತ್ತಿದಳು.

"ಓ, ಹಾರ್ನು. ದಾರಿ ತಪ್ಪಿ ಬಂದ್ಯಾ?" ಎಂದ ಚಿಲ್ಲರೆ.

"ನಿಮ್ಮತ್ರ ಚಿಲ್ಲರೆ ಬಂತಾ ಅಂತ ನೋಡಕ್ಕೆ ಬಂದೆ."

ಅಷ್ಟು ಜನ ನುಗ್ಗಿದರೂ ಅಪ್ಪನ ಹಿಂದಿನ ಮೊದಲ ಸೀಟು ಖಾಲಿಯಿತ್ತು. ಅವಳು ಕೂರಲಿಲ್ಲ. ಅಪ್ಪನ ಪಕ್ಕದ ಕಂಬಿ ಹಿಡಿದು, ವೈಪರ್ ಅತ್ತಿತ್ತ ಆಡುವ ಗಾಜಿನಾಚೆ ನೋಡುತ್ತ ನಿಂತಳು. ಬೆರಳಿನ ಕಲ್ಲು ಬಂತು. ಅವನು ಮೂರನೇ ಗೇರಿಗೆ ಇಳಿಸಿದ. ಕೊಳ ಬಂತು, ಎರಡಕ್ಕೆ ಇಳಿಸಿದ. ತಿರುವಿನ ಮೊದಲ ಮರ ದೀಪದ ಬೆಳಕಿಗೆ ಬೀಳುತ್ತಿದ್ದಂತೆ ಬ್ರೇಕು ಒತ್ತಿ ನಿಲ್ಲಿಸಿದ. ಅವಳು "ನಿಲ್ಸು" ಎನ್ನಲು ತೆರೆದ ಬಾಯಿ ಹಾಗೇ ಇತ್ತು.

"ಟಾರ್ಚಿದೆ," ಎಂದಳು, ಚೀಲಕ್ಕೆ ಕೈಹಾಕಿ. ಜೊತೆಗೆ ಒಂದು ಸಣ್ಣ ಬಕೆಟ್ಟೂ ಹೊರಬಂತು.

"ಒಬ್ಳೇ ಬೇಡ." ಅವನು ಹಿಂದಕ್ಕೆ ತಿರುಗಿದ. ಚಿಲ್ಲರೆ ಆಗಲೇ ಕೊಡೆ ಬಿಚ್ಚುತ್ತ, "ನನ್ನ ಕೆಲಸದಲ್ಲಿ ಇದೊಂದು ಬಾಕಿ ಇತ್ತು," ಎಂದು ಗೊಣಗುತ್ತ ಮೆಟ್ಟಿಲಿಳಿಯುತ್ತಿದ್ದ.

"ಏನಾಯ್ತು ಡ್ರೈವರ್ರೇ? ಪಂಕ್ಚರಾ?" ಯಾರೋ ಹಿಂದಿನಿಂದ ಕೂಗಿದರು. "ಮನೆಗೆ ಹೋಗ್ಬೇಕಪ್ಪ, ಮಕ್ಳು ಕಾಯ್ತಾವೆ," ಎಂದಳು ಒಬ್ಬ ಹೆಂಗಸು.

ಅವನು ಕೀಲಿ ತಿರುಗಿಸಿ ಎಂಜಿನ್ನು ಆರಿಸಿದ.

ಆಗ ಕೇಳಿಸಿತು. ಕೊಳದ ಕಡೆಯಿಂದ, ಬಯಲಿನ ಕಡೆಯಿಂದ, ಬಸ್ಸಿನ ಎರಡೂ ಬದಿಯಿಂದ, ನೂರು ಗಂಟಲಿನಲ್ಲಿ, ಒಂದು ಕರೆದರೆ ಇನ್ನೊಂದು ಓಗೊಟ್ಟು, ಏರಿ, ನಿಂತು, ಮತ್ತೆ ಏರಿ. ಗಾಜು ಸಣ್ಣಗೆ ನಡುಗುತ್ತಿದೆಯೇನೋ ಎನ್ನುವಷ್ಟು. ಇಷ್ಟು ವರ್ಷ ಎಂಜಿನ್ನಿನ ಸದ್ದಿನ ಅಡಿಯಲ್ಲಿ ಇಷ್ಟೊಂದು ಸದ್ದು ಇತ್ತೇ ಎಂದು ಅವನು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತ. ಹಿಂದೆ ಗೊಣಗಾಟ ನಿಂತಿತ್ತು. ಯಾರೋ ಒದ್ದೆ ಕಿಟಕಿಯನ್ನು ಮೇಲಕ್ಕೆ ಸರಿಸಿದರು. ಇನ್ಯಾರೋ ಸರಿಸಿದರು.

ದೀಪದ ಬೆಳಕಿನಲ್ಲಿ ಮಳೆಯ ಎಳೆಗಳ ನಡುವೆ ಮಗಳು ಬಾಗಿ ಬಾಗಿ ಎತ್ತುತ್ತಿದ್ದಳು. ಚಿಲ್ಲರೆ ಬಕೆಟ್ಟು ಹಿಡಿದು, ಕೊಡೆಯನ್ನು ತನ್ನ ತಲೆಗೆ ಹಿಡಿಯುವುದನ್ನು ಮರೆತು, ಅವಳ ಹಿಂದೆ ಹಿಂದೆ ಹೋಗುತ್ತಿದ್ದ. ಕೊಳದ ಅಂಚಿಗೆ ಹೋಗಿ ಬಗ್ಗಿಸಿ ಬಂದರು. ಅವಳು ರಸ್ತೆಯ ನಡುವೆ ನಿಂತು ಟಾರ್ಚನ್ನು ಸುತ್ತ ಆಡಿಸಿದಳು. ಬಸ್ಸಿನ ಕಡೆ ತಿರುಗಿದಳು. ಡ್ರೈವರ್ ಕೀಲಿಗೆ ಕೈ ಹಾಕಿದ. ಎಡಗಾಲು ಕ್ಲಚ್ಚಿನ ಮೇಲೆ ಬಂತು.

"ಹೋಲ್ಡಾನ್," ಎಂದಳು ಅವಳು, ಅಂಗೈ ಎತ್ತಿ.

ಅವಳ ಕಾಲಿನ ಮುಂದೆ, ಎಲ್ಲವೂ ಹೋದ ಮೇಲೆ ಬಂದದ್ದು, ಹೆಬ್ಬೆರಳಷ್ಟರದು, ಎರಡು ಸಲ ಕುಪ್ಪಳಿಸಿ ರಸ್ತೆಯ ನಟ್ಟನಡುವೆ ಕೂತಿತು. ಯಾವ ಅವಸರವೂ ಇರಲಿಲ್ಲ ಅದಕ್ಕೆ. ಗಂಟಲು ಉಬ್ಬಿಸಿ ಇಳಿಸುತ್ತ, ಬೆಳಕಿನ ಕಡೆ ಮುಖ ಮಾಡಿತ್ತು. ಮಗಳ ಕೈ ಮಳೆಯಲ್ಲಿ ಎತ್ತಿದ್ದು ಎತ್ತಿದ ಹಾಗೇ ಇತ್ತು.

ಅವನು ಕ್ಲಚ್ಚಿನಿಂದ ಕಾಲು ತೆಗೆದು, ಅವಳು ರೈಟ್ ಅನ್ನುವುದನ್ನು ಕಾಯುತ್ತ ಕೂತ.